ಗುಂಪುಚಲನದೋಷ ಪ್ರಾಯಶ್ಚಿತ್ತ ಮೀಮಾಂಸೆ

ಹೊಸೂರು ಮತ್ತು ಕೃಷ್ಣಗಿರಿಗಳ ನಡುವಣ ಸೂಳಗಿರಿಯ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನುಡಿಗಳು ಒಂದೇ ಬೀದಿಯಲ್ಲಿ ವ್ಯವಹರಿಸುವುದರಿಂದ, ಲಗ್ನಪತ್ರಿಕೆ ಮತ್ತು ಫ್ಲೆಕ್ಸ್‌ಗಳ ವಿನ್ಯಾಸದಲ್ಲಿ ತಲೆದೋರುವ ಗುಂಪುಚಲನದೋಷವು ಅಲ್ಲಿ ವಿಶೇಷ ವಿಚಾರಣೆಗೆ ಅರ್ಹವಾಗಿದೆ. ಗುಂಪೆಂದರೆ, ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಜಿ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಗಣಪತಿ, ಬಾಳೆಕಂಬ, ವಧೂವರರ ಹೆಸರು, ಮುಹೂರ್ತ ಇವೆಲ್ಲ ತಂತಮ್ಮ ಪ್ರತ್ಯೇಕತೆಯನ್ನು ತೊರೆದು ಏಕದ್ರವ್ಯವಾಗುವ ಸ್ಥಿತಿ. ಚಲನದೋಷವೆಂದರೆ, ಗಣಪತಿಯನ್ನಷ್ಟೇ ತುಸು ಮೇಲಕ್ಕೆತ್ತುವೆನೆಂದು ಮೌಸ್ ಹಿಡಿದವನು ಇಡೀ ಮದುವೆಯನ್ನೇ ಕಾಗದದ ಅಂಚಿನಾಚೆಗೆ ಸಾಗಿಸಿಬಿಡುವುದು.

ಈ ದೋಷ ಸಮಗ್ರ, ಸಶೇಷ ಎಂದು ಎರಡು ಬಗೆ. ಸಮಗ್ರದೋಷ ಕಣ್ಣಿಗೆ ಹೊಡೆಯುವುದರಿಂದ ನಿರುಪದ್ರವಿ. ಸಶೇಷದೋಷವೇ ಘೋರವಾದುದು: ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಬರಿಯ ರೇಖಾಕೃತಿಗೆ ಪರಿವರ್ತಿಸಿ, ಬಿಡಿಬಿಡಿಯಾಗಿ ಒಡೆದು, ಮರಳಿ ಗುಂಪು ಕಟ್ಟುವಾಗ ಒಂದು ಒತ್ತಕ್ಷರ ಹೊರಗುಳಿದರೆ, ಗುಂಪು ಸರಿದ ಮೇಲೆ ಒತ್ತು ಮಾತ್ರ ನಿಂತಲ್ಲೇ ನಿಂತು, ನೆಂಟರಿಗೆ 'ಸ್ವಾಗತ'ದ ಬದಲು 'ಸಾಗತ' ದೊರೆಯುತ್ತದೆ. ತಮಿಳಿನಲ್ಲಿಯಾದರೋ ಪುಳ್ಳಿಯೆಂಬ ಚುಕ್ಕೆ ಹಿಂದುಳಿದರೆ ವ್ಯಂಜನಕ್ಕೆ ಬೇಡದ ಅಕಾರ ಬಂದು ಸೇರುವುದರಿಂದ, ಒಂದೇ ಪಾಪಕ್ಕೆ ಕನ್ನಡದಲ್ಲಿ ನಷ್ಟವೂ ತಮಿಳಿನಲ್ಲಿ ಲಾಭವೂ ಫಲವೆಂದು ತಿಳಿಯಬೇಕು.

ಇದಕ್ಕೆ ಶಾಸ್ತ್ರೋಕ್ತ ಪ್ರಾಯಶ್ಚಿತ್ತ ಕಂಟ್ರೋಲ್ ಝಡ್, ಅಂದರೆ ಮಾಡಿದ್ದನ್ನು ರದ್ದುಮಾಡಿ ಹಿಂದೆ ಸರಿಯುವ ಕ್ರಿಯೆ. ಫೋಟೋಶಾಪ್ ಪಂಥದಲ್ಲಿ 1998ರಲ್ಲಿ ಐದನೆಯ ಆವೃತ್ತಿ ಬರುವವರೆಗೂ ಒಂದೇ ಹೆಜ್ಜೆ ಹಿಂದೆ ಸರಿಯಲು ಅನುಮತಿಯಿದ್ದುದರಿಂದ, ಆ ಕಾಲದವರು ಎರಡನೆಯ ಪಾಪಕ್ಕೆ ಮುನ್ನ ದೀರ್ಘಾಲೋಚನೆ ಮಾಡುತ್ತಿದ್ದರೆಂದು ಊಹಿಸಬಹುದು. ಆದರೆ ಈ ಕ್ರಿಯೆ ಸರಿದ ವಸ್ತುವನ್ನಲ್ಲ, ಕಳೆದ ಕಾಲವನ್ನು ಮರಳಿಸುತ್ತದೆ: ದೋಷ ಘಟಿಸಿದ ಮೇಲೆ ಮುಹೂರ್ತವನ್ನು ತಿದ್ದಿ, ಸೋದರಮಾವನ ಹೆಸರು ಸೇರಿಸಿ, ಬಳಿಕ ಗಣಪತಿಯ ಗೈರುಹಾಜರಿಯನ್ನು ಕಂಡವನು ಹಿಂದೆ ಸರಿಯುತ್ತ ಹೋದರೆ, ಗಣಪತಿ ಬರುವ ಹೊತ್ತಿಗೆ ಸೋದರಮಾವ ಹೋಗಿರುತ್ತಾನೆ. ಹಿಂದೆ ಸರಿದಲ್ಲಿ ಹೊಸತೇನನ್ನಾದರೂ ಮಾಡಿದರೆ ಮುಂದಿನ ದಾರಿಯೂ ಅಳಿಯುತ್ತದೆ. ಕಡತವನ್ನು ಮುಚ್ಚಿದಾಗ ಇತಿಹಾಸಕ್ಕೆ ಒದಗುವುದು ನೈಯಾಯಿಕರು ಹೇಳುವ ಪ್ರಧ್ವಂಸಾಭಾವ, ಅಂದರೆ ಇದ್ದುದು ನಾಶವಾಗಿ ಉಂಟಾದ ಇಲ್ಲದಿರುವಿಕೆ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ.

ಗುಂಪುಚಲನಕ್ಕೆ ಈ ಸೀಮೆಯ ಚರಿತ್ರೆಯಲ್ಲೇ ಪ್ರಮಾಣಗಳಿವೆ. ಟಿಪ್ಪುವಿನ ಪತನಾನಂತರ, 1799ರಲ್ಲಿ, ಹೊಸೂರು ಸೀಮೆ ಕಂಪನಿಯ ಕೈಸೇರಿ ಸೇಲಂ ಜಿಲ್ಲೆಯ ಭಾಗವಾಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸರಿಯಿತು. ಕೆರೆ, ಗುಡ್ಡ, ಟೊಮೆಟೊ ತೋಟಗಳೊಂದೂ ಕದಲದೆ ವಿಳಾಸದ ಕೊನೆಯ ಸಾಲು ಮಾತ್ರ ಬದಲಾದ ಇಂಥ ಚಲನವನ್ನು ಯಾವ ತಂತ್ರಾಂಶವೂ ಇಂದಿಗೂ ಸಾಧಿಸಿಲ್ಲ. ಹಳೆಯ ಕಡತವನ್ನೇ ಮಾದರಿಯಾಗಿ ಬಳಸುವ ಅಂಗಡಿಗಳಲ್ಲಿ ವಧು ಹೊಸಬಳಾಗಿಯೂ ಜಿಲ್ಲೆ ಧರ್ಮಪುರಿಯಾಗಿಯೂ ಉಳಿಯುವ ಸಂಭವವನ್ನು ಮೀಮಾಂಸಕನು ತಳ್ಳಿಹಾಕಲಾರ.

ಅಚ್ಚಾದ ಮೇಲೆ ಕಂಟ್ರೋಲ್ ಝಡ್ ನಿಷ್ಫಲವಾಗಿ, ತಪ್ಪಿನ ಮೇಲೆ ಸ್ಟಿಕ್ಕರ್ ಅಂಟಿಸುವ ಲೇಪನವಿಧಿಯೊಂದೇ ಗತಿ. ಸ್ಟಿಕ್ಕರಿನ ಖರ್ಚು ಯಾರದೆಂಬಲ್ಲಿ ಎರಡು ಸಂಪ್ರದಾಯಗಳಿವೆ. ಪ್ರೂಫ್ ನೋಡಿ ಸಹಿ ಹಾಕಿದವನೇ ಕರ್ತೃವೆಂದು ಅಂಗಡಿಯವರೂ, ಸಹಿ ಹಾಕುವಾಗ ಒತ್ತು ಇದ್ದೇ ಇತ್ತೆಂದು ಬೀಗರೂ ವಾದಿಸುತ್ತಾರೆ. ಮದುವೆ ಮುಗಿಯುವವರೆಗೆ ಬಾಕಿ ಹಣ ಬೀಗರ ಬಳಿಯೇ ಇರುವುದರಿಂದ ಎರಡನೆಯ ಮತವೇ ಪ್ರಬಲ.