ನಿಂತರೆ ದಂಡ, ಕೂತರೆ ಬಿಲ್ಲು

ಇಟಲಿಯ ಪೋರ್ಟೊಫಿನೊಗೆ ಬರುವವರಲ್ಲಿ ಎರಡು ಜಾತಿ: ಸ್ವಂತ ವಿಹಾರನೌಕೆಯಲ್ಲಿ ಬಂದಿಳಿಯುವವರು ಮತ್ತು ಸಾಂತಾ ಮಾರ್ಗರಿಟಾವರೆಗೆ ರೈಲಿನಲ್ಲಿ ಬಂದು ಬಸ್ಸು ಹಿಡಿಯುವವರು. ಚಿತ್ರಾನ್ನದ ಡಬ್ಬಿ ಹೊತ್ತ ನಾವು ಯಾವ ಜಾತಿಯೆಂದು ಬಿಡಿಸಿ ಹೇಳಬೇಕಿಲ್ಲ. ಊರಿನ ಕಾಯಂ ನಿವಾಸಿಗಳು 500 ಮಂದಿಯೂ ಇಲ್ಲ. ನಮ್ಮ ಕಡೆ ಒಂದು ಮದುವೆಗೆ ಅದಕ್ಕಿಂತ ಹೆಚ್ಚು ಎಲೆ ಬೀಳುತ್ತವೆ!

ಬಂದರಿನ ಸುತ್ತ ಹಳದಿ, ಕೆಂಪು, ಗುಲಾಬಿ ಮನೆಗಳು. ಅವುಗಳ ಕಿಟಕಿಗಳನ್ನು ಮಾತ್ರ ನಂಬಬಾರದು. ಗೋಡೆಯ ಮೇಲೆ ನಿಜದಂತೆಯೇ ಕಿಟಕಿ ಬರೆದುಬಿಡುವುದು ಈ ಲಿಗೂರಿಯಾ ಪ್ರಾಂತ್ಯದವರ ಹಳೆಯ ಚಾಳಿ. ಅಂಥದ್ದೊಂದು ಕಿಟಕಿಯಲ್ಲಿ ಯಾರಾದರೂ ಸಿನಿಮಾ ತಾರೆ ಇಣುಕಿಯಾರೆಂದು ನಾನು ಬಹಳ ಹೊತ್ತು ಕಾದೆ.

ಕಾಯುವುದೂ ಅಲ್ಲಿ ಆಗ ಅಪಾಯವೇ ಆಗಿತ್ತು. ಸೆಲ್ಫಿ ಗುಂಪಿನಿಂದ ದಾರಿ ಕಟ್ಟುತ್ತದೆಂದು 2023ರಲ್ಲಿ ಬಂದರಿನ ಕೆಲವು ಕಡೆ ಹಗಲಲ್ಲಿ ನಿಲ್ಲುವುದನ್ನೇ ನಿಷೇಧಿಸಿದರು; ದಂಡ 275 ಯೂರೋವರೆಗೆ. ಅಂದರೆ ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 25 ಸಾವಿರ ರೂಪಾಯಿ! ನಾವು ಹೋದದ್ದೂ ಆ ವರ್ಷದ ಬೇಸಿಗೆಯಲ್ಲೇ. ನಮ್ಮಾಕೆ ಪ್ರತಿ ಫೋಟೋಕ್ಕೂ ಮೊದಲು, “ರೀ, ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ” ಅನ್ನುವವಳು. ಅಂದು, “ರೀ, ನಿಲ್ಲಬೇಡಿ, ನಡೀತಾ ನಗ್ರೀ!” ಅಂದಳು. ಅಲ್ಲಿನ ಫೋಟೋಗಳಲ್ಲೆಲ್ಲ ನಾನು ಸಾಲ ಕೊಟ್ಟವನನ್ನು ಕಂಡು ಓಡುತ್ತಿರುವ ಭಂಗಿಯಲ್ಲಿದ್ದೇನೆ, ನಗುತ್ತ.

ನೀವು ಹೋದರೆ ಒಂದು ವಿಜ್ಞಾಪನೆ. ಕಾಲು ನೋಯುತ್ತದೆಂದು ಚೌಕದ ಕುರ್ಚಿಗಳಲ್ಲಿ ಮಾತ್ರ ಕೂರಬೇಡಿ. ಕೂತು ಕುಡಿದ ಕಾಫಿಗೆ ದರ ಬೇರೆ. ಕೌಂಟರಿನಲ್ಲಿ ನಿಂತೇ ಕುಡಿಯಿರಿ, ಅಲ್ಲಿ ನಿಂತರೆ ದಂಡವಿಲ್ಲ.