ರಿಸಲ್ಟು ನೋಡೋ ಹೊತ್ತಲ್ಲಿ

“ಹುಡುಗ್ರನ್ನ ಮೊಬೈಲಿಂದ ಬಿಡಿಸೋ ಅಂದ್ರೆ ನೀನೂ ಅದ್ರೊಳಗೇ ಹೋಗಿ ಕೂತಿದ್ದೀಯಲ್ಲಪ್ಪ!” ಬೇಲಿಯಾಚೆ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಮೊರದಿಂದ ತಲೆ ಎತ್ತದೇ ಕೇಳಿದಳು. ನಮ್ಮ ಯುವಕರ ಸಂಘದ ವಾಟ್ಸಾಪ್ ಗುಂಪಿನ ಸುದ್ದಿ ಅವಳವರೆಗೂ ಹೋಗಿತ್ತು.

“ಹುಡುಗ್ರು ಎಲ್ಲಿರ್ತಾರೋ ಅಲ್ಲಿಗೇ ತಾನೆ ನಾವು ಹೋಗ್ಬೇಕು ಅಕ್ಕ? ನಮ್ಮ ಬೂಕನಕೆರೇಲಿ ಅರಳಿಕಟ್ಟೆ ಮೇಲೆ ಈಗ ಕೂರೋರು ಮುದುಕ್ರೇ. ನಾವು ಓದೋವಾಗ ಎಸ್ಸೆಸ್ಸೆಲ್ಸಿ ರಿಸಲ್ಟು ಸ್ಕೂಲಿನ ಬೋರ್ಡಿಗೆ ಅಂಟಿಸೋರು, ನೆನಪಿದೆಯಾ? ಫೇಲಾದವನ ಪಕ್ಕದಲ್ಲೇ ಇನ್ನೊಬ್ಬ ಫೇಲಾದವನು ನಿಂತಿರೋನು. ಮೇಷ್ಟ್ರು ಇಬ್ಬರಿಗೂ ಬೈದು, ಮತ್ತೆ ಕಟ್ರೋ ಅಂತ ಕಳಿಸೋರು. ಈಗ ರಿಸಲ್ಟು ಒಬ್ಬೊಬ್ಬರ ಅಂಗೈಗೇ ಬರುತ್ತೆ. ಹುಡುಗ ಪಂಪ್‌ಸೆಟ್ ಮನೆ ಹಿಂದೆ ಒಬ್ಬನೇ ನಿಂತು ನೋಡ್ಕೋತಾನೆ. ಆಗ ಜೊತೇಲಿರೋದು ಆ ಮೊಬೈಲೊಂದೇ.”

ಅಕ್ಕನ ಕೈ ನಿಂತಿತು.

“2024ರಿಂದ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆಗಿದೆ. ಹೆಚ್ಚು ಬಂದ ಅಂಕಾನೇ ಉಳಿಸ್ಕೋಬಹುದು. ಇಷ್ಟು ಮಾತು ಆ ನಿಮಿಷದಲ್ಲೇ ಅವನಿಗೆ ಮುಟ್ಟಿದ್ರೆ ಸಾಕು. ಅದಕ್ಕೇ ರಿಸಲ್ಟಿನ ದಿನ ನಾನು ಬೇರೆ ಕೆಲಸ ಇಟ್ಕೊಳಲ್ಲ. ಗುಂಪಿಗೆ ಹಾಕದೆ, ಒಬ್ಬೊಬ್ಬರಿಗೇ ಮಾತಾಡಿ ವಾಯ್ಸ್ ಮೆಸೇಜ್ ಕಳಿಸ್ತೀನಿ. ಎದುರಿಗೆ ಬಾಯಿ ಬಿಡದ ಹುಡುಗ್ರು ರಾತ್ರಿ ಎಲ್ಲ ಮಲಗಿದ್ಮೇಲೆ ಎಷ್ಟು ಹೇಳ್ಕೋತಾರೆ ಗೊತ್ತಾ? ಅಪ್ಪನ ಸಾಲ, ಬಿದ್ದುಹೋದ ಕಬ್ಬಿನ ರೇಟು, ಕೆ.ಆರ್. ಪೇಟೆ ಕಾಲೇಜಿಗೆ ಹೋಗೋಕೆ ಮನಸ್ಸಿಲ್ಲದ್ದು...”

“ಅಷ್ಟೆಲ್ಲ ಕೇಳಿ ಸಮಾಧಾನ ಮಾಡೋಕೆ ನೀನೇನು ಡಾಕ್ಟ್ರಾ?”

“ಅಲ್ಲ. ಅದಕ್ಕೇ 14416 ನಂಬರು ಕೊಡ್ತೀನಿ. ಟೆಲಿ ಮಾನಸ್ ಅಂತ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಶುರುಮಾಡಿದ್ದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೇನೇ ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಎರಡು ವರ್ಷ ಬಿಟ್ಟು ಆ್ಯಪೂ ಬಂತು. ಮುಖ ನೋಡಿ ಮಾತಾಡೋ ವಿಡಿಯೋ ಸೌಲಭ್ಯ ಮೊದಲು ಬಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಅದಕ್ಕೂ ಮುಂಚೆ ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಹುಡುಗ್ರ ಮಾತು ಕೇಳಿ ಸಲಹೆ ಕೊಡೋಕೆ ‘ಯುವ ಸ್ಪಂದನ’ ಅಂತ ಮಾಡ್ತು. ಜಿಲ್ಲಾ ಕ್ರೀಡಾಂಗಣದಲ್ಲೇ ಕೇಂದ್ರ. ನಂಗೆ ತುಂಬಾ ಹಿಡಿಸಿದ್ದು ಅದೇ. ಆಸ್ಪತ್ರೆ ಮೆಟ್ಟಿಲು ಹತ್ತೋಕೆ ನಾಚ್ಕೊಳೋ ಹುಡುಗ ಸ್ಟೇಡಿಯಮ್ಮಿಗೆ ಹೋಗೋಕೆ ನಾಚ್ಕೊಳಲ್ಲ.”

“ನಂಬರು ಕೊಟ್ರೆ ಮಾಡ್ತಾರೇನಪ್ಪ?”

“ಸುಮ್ನೆ ಕೊಟ್ರೆ ಮಾಡಲ್ಲ. ಗುರುತಿನವರೊಬ್ಬರು ‘ಮಾಡು, ಆಮೇಲೆ ಏನಾಯ್ತು ಅಂತ ನಂಗೂ ಹೇಳು’ ಅನ್ಬೇಕು. ಸಂಘದೋರ ಕೆಲಸ ಅಷ್ಟೇ ಅಂತ ನಾನು ನಂಬಿರೋದು. ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಹತ್ರ ಆಡಬಾರದು. ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಮನೆಯೋರಿಗೆ ಹೇಳಲೇಬೇಕು. ಈ ಮಾತನ್ನ ಹುಡುಗ್ರಿಗೆ ಮೊದಲೇ ಹೇಳಿರ್ತೀನಿ.”

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಂಡುಡುಗ್ರ ಕತೆ ಸರಿ. ಹೆಣ್ಣುಡುಗೀರು?” ಅಂದಳು.

ಕೇಳಬೇಕಾದದ್ದನ್ನೇ ಕೇಳಿದ್ದಳು. ನಮ್ಮ ಕಡೆ ಎಷ್ಟೋ ಹುಡುಗಿಯರಿಗೆ ಸ್ವಂತ ಮೊಬೈಲಿಲ್ಲ. ಇರುವುದು ಅಪ್ಪನದು, ಇಲ್ಲವೇ ಅಣ್ಣನದು. ರಾತ್ರಿ ಕಳಿಸಿದ ಮೆಸೇಜನ್ನು ಬೆಳಗ್ಗೆ ಅಣ್ಣ ಓದುತ್ತಾನೆ. ಫೋನ್ ಮಾಡಿದರೂ ನಂಬರು ಅದರಲ್ಲೇ ಉಳಿಯುತ್ತದೆ. ಹೊಸದಾಗಿ ಯಾವ ಆ್ಯಪ್ ಬಂದರೂ, ಆ ಮೊಬೈಲು ಯಾರ ಜೇಬಿನಲ್ಲಿದೆ ಅಂತ ನೋಡದೆ ಹುಡುಗಿಯರಿಗೆ ಏನನ್ನೂ ಕಳಿಸಬಾರದು.

“ಅವರಿಗೆ ಹೆಂಗಸೊಬ್ಬರು ಎದುರಿಗೇ ಸಿಗಬೇಕು ಅಕ್ಕ. ಭಾನುವಾರ ಪಂಚಾಯ್ತಿ ಲೈಬ್ರರಿ ಹತ್ರ ಒಂದು ಗಂಟೆ ಕೂತು, ಮಾತಾಡ್ಬೇಕು ಅಂದ ಹುಡುಗಿ ಕೈಗೆ ತನ್ನ ಫೋನೇ ಕೊಟ್ಟು ಆಚೆ ನಿಲ್ಲೋರು. ಆ ಕೆಲಸ ನನ್ನಿಂದ ಆಗಲ್ಲ, ಆಗಲೂಬಾರದು. ನಿನ್ನ ಸೊಸೆ ಬಿ.ಎಡ್ ಓದಿದ್ದಾಳಲ್ಲ...”

“ಅವಳಿಗೆ ಇಷ್ಟಾನೇ ಇರುತ್ತೆ” ಅಂದಳು ಅಕ್ಕ, ಕಾಳಿನ ಮೊರ ಎತ್ತಿಕೊಳ್ಳುತ್ತ. “ನೀನು ಸಂಜೆ ಬಾ. ನನ್ನ ಮಗ ಮನೇಲಿದ್ದಾಗ್ಲೇ ಕೇಳು.”