ನಗಾರಿಗೊಂದು ರಿಮೋಟು

ಅಮೆರಿಕದ ಎಡ್ವಿನ್ ವೋಟಿ 1895ರಲ್ಲಿ ಪಿಯಾನೋವನ್ನು ತಾನೇ ನುಡಿಸುವ ಪಿಯಾನೋಲಾ ಯಂತ್ರ ಕಟ್ಟಿದ. ತೂತು ಕೊರೆದ ಕಾಗದದ ಸುರುಳಿ, ಕಾಲಲ್ಲಿ ತುಳಿಯುವ ತಿದಿ. ಕೀಲಿಮಣೆ ಮುಟ್ಟದೆಯೇ ಸಂಗೀತ ಸಿದ್ಧ! ಈಗ ಅಂಥ ಹಳೆಯ ಪಿಯಾನೋಗಳಿಗೆ ಹವ್ಯಾಸಿಗಳು ಮನೆಯಲ್ಲೇ ರಿಮೋಟು ಜೋಡಿಸಿ, ತುಳಿಯುವ ಕೆಲಸಕ್ಕೂ ರಜೆ ಕೊಟ್ಟಿದ್ದಾರೆ.

ಕರ್ನಾಟಕದ ಗಡಿಗೆ ಅಂಟಿದ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಪಿಯಾನೋ ಹುಡುಕುವುದೆಂದರೆ ಏಪ್ರಿಲ್‌ನಲ್ಲಿ ತುಂಬಿದ ಹಳ್ಳ ಹುಡುಕಿದಂತೆ. ಹಾಗಂತ ಗುಡ್ಡಾಪುರ ದಾನಮ್ಮ ದೇವಿಯ ಈ ಸೀಮೆಯವರು ತಾನೇ ಬಾರಿಸಿಕೊಳ್ಳುವ ವಾದ್ಯ ಕಾಣದವರೇನಲ್ಲ. ಗಡಿಯ ಆಚೆಗೂ ಈಚೆಗೂ ಎಷ್ಟೋ ಗುಡಿಗಳಲ್ಲಿ ಮಂಗಳಾರತಿಗೆ ಕರೆಂಟಿನ ನಗಾರಿಯೇ ಗತಿ. ಒಂದು ಮೋಟಾರು, ಒಂದು ಬೆಲ್ಟು, ತಿರುಗುವ ಗಾಲಿಗೆ ಸಿಕ್ಕಿಸಿದ ಸರಳುಗಳು. ಸರಳು ಎಳೆದಾಗ ಕೋಲು ಎದ್ದು ನಗಾರಿಯ ಮೇಲೆ ಬೀಳುತ್ತದೆ. ಪಕ್ಕದ ಜಾಗಟೆ, ಗಂಟೆಗಳಿಗೂ ಅದೇ ಶಿಕ್ಷೆ. ವೋಲ್ಟೇಜು ಕುಸಿದರೆ ಮಾತ್ರ ಮೋಟಾರು ಗುಂಯ್ ಎಂದು ಮುನಿಸಿಕೊಂಡು ನಿಲ್ಲುತ್ತದೆ.

ತೊಂದರೆ ಸ್ವಿಚ್ಚಿನದು. ಪೂಜಾರಿಯ ಒಂದು ಕೈಯಲ್ಲಿ ಆರತಿ, ಇನ್ನೊಂದರಲ್ಲಿ ಗಂಟೆ. ಸ್ವಿಚ್ಚೋ ಬಾಗಿಲ ಹೊರಗೆ.

“ಏ ತಮ್ಮಾ, ಬಟನ್ ಒತ್ತೋ!”

ತಮ್ಮ ಫೋನಿನಲ್ಲಿ ಮುಳುಗಿರುತ್ತಾನೆ.

ರಾತ್ರಿ ಪಾಳಿಯ ಕರೆಂಟು ಬಂದರೆ ಹಾಸಿಗೆಯಿಂದಲೇ ಬೋರ್‌ವೆಲ್ಲಿಗೆ ಫೋನ್ ಹಚ್ಚುವ ರೈತರಿಗೆ ಇದೊಂದು ಸಮಸ್ಯೆಯೇ? ಪೇಟೆಯಲ್ಲಿ ಸಿಗುವ 433 ಮೆಗಾಹರ್ಟ್ಸ್ ರಿಮೋಟು, ಒಂದು ರಿಸೀವರು, ಒಂದು ರಿಲೇ ಇದ್ದರಾಯಿತು. ಗುಂಡಿ ಒತ್ತಿದರೆ ರಿಲೇ ಟಕ್ ಎನ್ನುತ್ತದೆ, ನಗಾರಿ ಢಮ್ ಎನ್ನುತ್ತದೆ.

ಜೋಡಿಸುವವರಿಗೆ ಒಂದು ಮಾತು: ಮೋಟಾರಿನ ಭಾರ ಸಣ್ಣ ರಿಲೇ ತಾಳದು, ನಡುವೆ ಕಾಂಟ್ಯಾಕ್ಟರು ಹಾಕಿಸಿ. ಗೋಡೆಯ ಹಳೆಯ ಸ್ವಿಚ್ಚನ್ನೂ ಕೀಳಬೇಡಿ. ರಿಮೋಟಿನ ಸೆಲ್ಲು ಮುಗಿಯುವುದು ಸರಿಯಾಗಿ ಜಾತ್ರೆಯ ದಿನವೇ.